ನೀರು ಬಿಟ್ಟ ಸುದ್ದಿ ಮುತ್ತತ್ತಿಯ ದಂಡೆಗೂ ಮುಟ್ಟಲಿ: ಮಳವಳ್ಳಿ ಕ್ಷೇತ್ರದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಿಮ್ಮ ಕ್ಷೇತ್ರದ ಮುತ್ತತ್ತಿಯಲ್ಲಿ, ಕಾವೇರಿ ದಂಡೆಯ ಮೇಲೆ, ನೀರಿನ ಮಟ್ಟ ತೋರಿಸುವ ಒಂದು ಅಳತೆಕಂಬ, ನೀರು ಏರುವ ಮುನ್ನ ಕೂಗುವ ಒಂದು ಸೈರನ್, ಆ ದಿನದ ಹೊರಹರಿವನ್ನು ಬರೆದಿಡುವ ಒಂದು ಹಲಗೆ ಬೇಕು. ಇದನ್ನು ಕೇಳುವುದಕ್ಕೇ ಈ ಪತ್ರ. ಜೊತೆಗೆ, ಬೈಕಿನಲ್ಲಿ ಬಂದು ಹೊಳೆ ಪಕ್ಕ ಟೆಂಟ್ ಹಾಕುವ ನಮ್ಮಂಥವರಿಗೆ ಕಾನೂನುಬದ್ಧವಾದ ಒಂದು ಜಾಗವೂ ಬೇಕು. ಆದರೆ ಅದಕ್ಕಿಂತ ಮೊದಲು ನೀರಿನ ಸುದ್ದಿ.

ನಾನು ನಿಮ್ಮ ಮತದಾರಳಲ್ಲ. ಕೆಲಸ ಬೆಂಗಳೂರಿನಲ್ಲಿ, ಮನೆತನ ಮದ್ದೂರು ಕಡೆಯದು. ಇಲ್ಲಿನ ಆಂಜನೇಯ, ಅಂದರೆ ಮುತ್ತತ್ತಿರಾಯ, ನಮ್ಮ ಮನೆದೇವರು. ಚಿಕ್ಕವಳಿದ್ದಾಗ ಹರಕೆ ತೀರಿಸಲು ಮನೆಮಂದಿಯೆಲ್ಲ ಟೆಂಪೋದಲ್ಲಿ ಬಂದು, ಹೊಳೆಯಲ್ಲಿ ಮಿಂದು, ದಂಡೆಯಲ್ಲೇ ಮೂರು ಕಲ್ಲು ಹೂಡಿ ಅಡುಗೆ ಮಾಡಿ ಉಂಡು ಹೋಗುತ್ತಿದ್ದೆವು. ಡಾ. ರಾಜ್‌ಕುಮಾರ್ ಅವರಿಗೆ ಹೆತ್ತವರು ಮುತ್ತುರಾಜ ಎಂದು ಹೆಸರಿಟ್ಟದ್ದೂ ಈ ದೇವರ ಮೇಲಿನ ಭಕ್ತಿಯಿಂದಲೇ ಎಂದು ಅಜ್ಜಿ ಪ್ರತಿಸಲವೂ ಹೇಳುತ್ತಿದ್ದರು. ಈಗ ನಾನು ಬರುವುದು ಗೆಳೆಯ ಗೆಳತಿಯರ ಬೈಕ್ ಬಳಗದ ಜೊತೆ.

ಶನಿವಾರ ಬೆಳಗಿನ ಜಾವ ಕನಕಪುರ ರಸ್ತೆಯಲ್ಲಿ ನಿಂತು ನೋಡಿದರೆ ಈ ಬಳಗಗಳು ಎಷ್ಟಿವೆ ಎಂಬುದು ನಿಮಗೇ ತಿಳಿಯುತ್ತದೆ. ಬುಲೆಟ್, ಪಲ್ಸರ್, ಹಿಮಾಲಯನ್, ನಡುವೆ ಒಂದೆರಡು ಸ್ಪ್ಲೆಂಡರ್. ಹಿಂದಿನ ಸೀಟಿಗೆ ಹಗ್ಗದಲ್ಲಿ ಬಿಗಿದ ಟೆಂಟಿನ ಚೀಲ, ಪಕ್ಕಕ್ಕೆ ತೂಗುಬಿದ್ದ ಪಾತ್ರೆ. ಸಾತನೂರು ದಾಟಿ, ಹಲಗೂರಿನಲ್ಲಿ ತಿಂಡಿ ತಿಂದು, ಎಡಕ್ಕೆ ತಿರುಗಿದರೆ ಊರುಗಳು ವಿರಳವಾಗಿ ಕಾಡು ಶುರುವಾಗುತ್ತದೆ. ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್ ಅಷ್ಟೇ. ಇಷ್ಟು ಹತ್ತಿರದಲ್ಲಿ ಕಾವೇರಿಯನ್ನು ಇಷ್ಟು ಅಗಲವಾಗಿ, ಹೊಳೆಮತ್ತಿ ಮರಗಳ ನೆರಳಿನಲ್ಲಿ ಕೂತು ನೋಡಲು ಸಿಗುವುದು ಅಪರೂಪ. ಡೆಲಿವರಿ ಕೆಲಸದ ಹುಡುಗರು, ನರ್ಸ್‌ಗಳು, ಗಾರ್ಮೆಂಟ್ಸ್ ಸೂಪರ್‌ವೈಸರ್‌ಗಳು, ಸಾಫ್ಟ್‌ವೇರ್‌ನವರು ಎಲ್ಲರೂ ಬರುತ್ತಾರೆ. ರೆಸಾರ್ಟ್ ಬಾಡಿಗೆ ಕೊಡುವ ಶಕ್ತಿ ಇಲ್ಲದವನಿಗೂ ಒಂದು ಟೆಂಟ್, ಒಂದು ಟ್ಯಾಂಕ್ ಪೆಟ್ರೋಲ್ ಇದ್ದರೆ ಒಂದು ರಾತ್ರಿ ಹೊಳೆ ಪಕ್ಕ ಮಲಗುವ ಭಾಗ್ಯ ಸಿಗುತ್ತದೆ. ಈ ಭಾಗ್ಯ ಹೀಗೇ ಉಳಿಯಬೇಕು ಎಂಬುದು ನನ್ನ ಆಸೆ.

ಮಳೆಗಾಲ ಮುಗಿದ ಮೇಲಿನ ಒಂದು ರಾತ್ರಿ ನಡೆದದ್ದನ್ನು ಹೇಳುತ್ತೇನೆ. ಮುತ್ತತ್ತಿಯಿಂದ ಸ್ವಲ್ಪ ದೂರದಲ್ಲಿ, ಕಾಡಿನ ಗಡಿಯಾಚೆ, ಹೊಳೆಗೆ ತಾಗಿದ ಒಂದು ಖಾಸಗಿ ಜಮೀನಿನಲ್ಲಿ ಟೆಂಟ್ ಹಾಕಲು ದುಡ್ಡು ಕೊಟ್ಟಿದ್ದೆವು. ಜಾಗ ನೋಡಿಕೊಳ್ಳುವವನು ಮರಳಿನ ದಿಬ್ಬ ತೋರಿಸಿ, ಇಲ್ಲಿಗೆ ನೀರು ಬರುವುದೇ ಇಲ್ಲ ಎಂದು ಹೇಳಿ ಹೋದ. ಊಟವಾಯಿತು. ಚಪ್ಪಟೆ ಬಂಡೆಯೊಂದರ ಮೇಲೆ ಕೂತು ಪಾತ್ರೆ ತೊಳೆದು ಅಲ್ಲೇ ಬೋರಲು ಹಾಕಿ ಬಂದೆವು. ಎಲ್ಲರೂ ಮಲಗಿದ ಮೇಲೆ ಪಕ್ಕದ ಊರಿನ, ತೆಪ್ಪದಲ್ಲಿ ಮೀನು ಹಿಡಿಯುವ ಹಿರಿಯರೊಬ್ಬರು ಟಾರ್ಚ್ ಹಿಡಿದು ಓಡಿಬಂದರು. "ಮ್ಯಾಲೆ ನೀರು ಬುಟ್ಟವ್ರೆ ಕಣಮ್ಮ, ಬೇಗ ಬಿಚ್ಚಿ, ಮ್ಯಾಕೆ ಬನ್ನಿ." ನಾನು ಬೆಳಕು ಬಿಟ್ಟು ನೋಡಿದೆ. ಪಾತ್ರೆ ಇರಲಿಲ್ಲ. ಪಾತ್ರೆ ಇಟ್ಟಿದ್ದ ಬಂಡೆಯೇ ಇರಲಿಲ್ಲ. ಕಪ್ಪು ನೀರು ಸದ್ದಿಲ್ಲದೆ ಮರಳನ್ನು ನುಂಗುತ್ತ ಮೊದಲ ಟೆಂಟಿನ ಗೂಟದವರೆಗೂ ಬಂದಿತ್ತು. ಟೆಂಟ್‌ಗಳನ್ನು ಮಡಚದೆ ಹಾಗೇ ಎಳೆದುಕೊಂಡು, ಬೈಕುಗಳನ್ನು ತಳ್ಳಿಕೊಂಡು ಏರಿ ಹತ್ತಿದೆವು.

ನಿಮಗೆ ಹೇಗೆ ಗೊತ್ತಾಯಿತು ಎಂದು ಆ ಹಿರಿಯರನ್ನು ಕೇಳಿದೆ. ಅವರಿಗೆ ಯಾರೂ ಫೋನ್ ಮಾಡಿರಲಿಲ್ಲ. ಕಲ್ಲುಗಳ ನಡುವೆ ಹೊಳೆ ಮಾಡುವ ಸದ್ದು ನಿಂತುಹೋಯಿತಂತೆ. ನೀರು ಏರಿ ಕಲ್ಲು ಮುಳುಗಿದರೆ ಆ ಸದ್ದು ಇರುವುದಿಲ್ಲ, ಅದು ನಿಂತಿದ್ದೇ ಎಚ್ಚರವಾಯಿತು ಎಂದರು. ಅವರು ಆ ಊರಲ್ಲೇ ಹುಟ್ಟಿ ಬೆಳೆದವರು, ಅವರ ಕಿವಿಗೆ ಅದು ತಿಳಿಯುತ್ತದೆ. ಪಟ್ಟಣದಿಂದ ಬಂದವರಿಗೆ ಸದ್ದು ನಿಂತಾಗ ನಿದ್ದೆ ಇನ್ನೂ ಗಾಢವಾಗುತ್ತದೆ. ಆ ಹಿರಿಯರಿಗೆ ಆ ರಾತ್ರಿ ಬೇಗ ನಿದ್ದೆ ಹತ್ತಿದ್ದರೆ ಈ ಪತ್ರ ಬರೆಯಲು ನಾನಿರುತ್ತಿದ್ದೆನೋ ಇಲ್ಲವೋ.

ಶಾಸಕರೇ, ಮಂಡ್ಯ ಜಿಲ್ಲೆಯವರಿಗೆ ನೀರಿನ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ. ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್) ಗರಿಷ್ಠ ಮಟ್ಟ 124.80 ಅಡಿ ಎಂಬುದು ನಮ್ಮ ಕಡೆ ಶಾಲೆಗೆ ಹೋಗದ ಮಕ್ಕಳಿಗೂ ಬಾಯಿಪಾಠ. ಒಳಹರಿವು ಎಷ್ಟು, ಹೊರಹರಿವು ಎಷ್ಟು, ಕಬಿನಿಯಿಂದ ಎಷ್ಟು ಬಿಟ್ಟರು ಎಂದು ದಿನವೂ ಪೇಪರಿನಲ್ಲಿ ಬರುತ್ತದೆ. ಕೆಳಗೆ ತಮಿಳುನಾಡು ಗಡಿಯ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿಗೆ 177.25 ಟಿಎಂಸಿ ಎಂದು ನಿಗದಿ ಮಾಡಿದ ಮೇಲಂತೂ ಅಲ್ಲಿ ಹರಿಯುವ ಒಂದೊಂದು ಕ್ಯೂಸೆಕ್‌ಗೂ ಲೆಕ್ಕವಿದೆ. ಕನ್ನಂಬಾಡಿಯಿಂದ ಹೊರಟು ಬಿಳಿಗುಂಡ್ಲು ಮುಟ್ಟುವ ಅದೇ ನೀರು ಮುತ್ತತ್ತಿಯ ಮುಂದೆಯೇ ಹಾದುಹೋಗುತ್ತದೆ. ಎರಡು ರಾಜ್ಯಗಳು ಅಳೆದು ತೂಗಿ ಬರೆದಿಡುವ ನೀರಿನ ಸುದ್ದಿ, ಆ ನೀರಿನಲ್ಲಿ ಸೊಂಟದವರೆಗೆ ಇಳಿದು ನಿಂತವನಿಗೆ ಮಾತ್ರ ತಿಳಿಯುವುದಿಲ್ಲ. ಇದು ನನಗೆ ಸಹಿಸಲಾಗದ ಸಂಗತಿ.

1 ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಮೇಲಿಂದ 5,000 ಕ್ಯೂಸೆಕ್ ಹೆಚ್ಚಿಗೆ ಬಿಟ್ಟರೆ ಸೆಕೆಂಡಿಗೆ 1 ಲಕ್ಷದ 40 ಸಾವಿರ ಲೀಟರ್ ಹೆಚ್ಚಿಗೆ ಬಂತೆಂದು ಅರ್ಥ. ಕಟ್ಟೆಗಳಲ್ಲದೆ ನಡುವೆ ವಿದ್ಯುತ್ ಕೇಂದ್ರಗಳೂ ಇವೆ. ಶಿವನಸಮುದ್ರದಲ್ಲಿ 1902ರಿಂದ, ಶಿಂಷಾದಲ್ಲಿ 1940ರಿಂದ ಕರೆಂಟು ತಯಾರಾಗುತ್ತಿದೆ. ಟರ್ಬೈನ್ ತಿರುಗಿಸಿದ ನೀರು ಮತ್ತೆ ಹೊಳೆಗೇ ಬರಬೇಕು. ಹೀಗಾಗಿ ಮುತ್ತತ್ತಿಯಲ್ಲಿ ಮೋಡವೇ ಇಲ್ಲದ ದಿನವೂ ಹೊಳೆ ಏರಬಹುದು. ಆಕಾಶ ನೋಡಿ ಹೊಳೆಯನ್ನು ಅಳೆಯುವ ಹೊರಗಿನವರಿಗೆ ಇದು ಹೊಳೆಯುವುದೇ ಇಲ್ಲ.

2018, 2019, 2024ರಂಥ ಮುಂಗಾರಿನಲ್ಲಿ ಕಾವೇರಿ ಉಕ್ಕಿದಾಗ ಜಿಲ್ಲಾಡಳಿತ ಎಚ್ಚರಿಕೆ ಕೊಡುತ್ತದೆ, ಪೊಲೀಸರು ದಾರಿಗೆ ಅಡ್ಡಗಟ್ಟುತ್ತಾರೆ. ಅದು ಸರಿಯಾದ ಕೆಲಸ. ಆದರೆ ಕೆಂಪಗೆ ಮೊರೆಯುವ ಹೊಳೆಗೆ ಇಳಿಯುವ ಧೈರ್ಯ ಯಾರಿಗೂ ಬರುವುದಿಲ್ಲ. ಜನ ಇಳಿಯುವುದು ನೀರು ತಿಳಿಯಾಗಿ, ಬಂಡೆಗಳು ಮೇಲೆದ್ದು, ಮೊಣಕಾಲುದ್ದ ಕಂಡಾಗ. ಎರಡು ಹೆಜ್ಜೆ ಆಚೆಗೆ ಮಡು ಇದೆ, ಬಂಡೆಯ ಸಂದಿಯಲ್ಲಿ ಸುಳಿ ಇದೆ, ಕಾಲಡಿಯ ಪಾಚಿ ಹಿಡಿತ ಕೊಡುವುದಿಲ್ಲ. ಈಜು ಬಲ್ಲವರೂ ಅಲ್ಲಿ ಜೀವ ಕಳೆದುಕೊಂಡಿದ್ದಾರೆ. ದೇವರಿಗೆ ಬಂದವರು, ಕಾಲೇಜು ಹುಡುಗರು, ಮಕ್ಕಳನ್ನು ಹಿಡಿಯಲು ಹೋದ ತಂದೆಯಂದಿರು. ಆಮೇಲೆ ಹುಡುಕಲು ಮೊದಲು ನೀರಿಗಿಳಿಯುವವರು ಊರಿನ ತೆಪ್ಪದವರೇ. ಅವರಿಗೆ ಸಂಬಳವಿಲ್ಲ, ವಿಮೆಯಿಲ್ಲ, ಒಂದು ಲೈಫ್ ಜಾಕೆಟ್ ಕೂಡ ಇಲ್ಲ.

"ಈಜುವುದು ಅಪಾಯ" ಎಂಬ ಹಲಗೆಗಳನ್ನು ನಾನು ನೋಡಿದ್ದೇನೆ. ವರ್ಷಪೂರ್ತಿ ಒಂದೇ ಮಾತು ಹೇಳುವ ಹಲಗೆಯನ್ನು ಕಣ್ಣು ಓದುವುದನ್ನು ಬಿಟ್ಟುಬಿಡುತ್ತದೆ. ಅದರ ಬದಲು ಇವತ್ತಿನ ತಾರೀಕು, ಇವತ್ತಿನ ಹೊರಹರಿವು, ನೀರು ಇಲ್ಲಿಗೆ ತಲುಪುವ ಹೊತ್ತು, ಇಷ್ಟನ್ನು ಸೀಮೆಸುಣ್ಣದಲ್ಲಿ ಬರೆದಿದ್ದರೆ ಪ್ರತಿಯೊಬ್ಬರೂ ನಿಂತು ಓದುತ್ತಾರೆ. ಕನ್ನಂಬಾಡಿಯಿಂದ ಮುತ್ತತ್ತಿಗೆ ನೀರು ಬರಲು ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟು ಹೊತ್ತಿನಲ್ಲಿ ಒಂದು ಫೋನ್ ಕರೆ ಬಂದರೆ ಸಾಕು. ಮೊಬೈಲ್ ಸಿಗ್ನಲ್ ನಂಬುವಂತಿಲ್ಲದ ಕಾಡಿನ ಮೂಲೆ ಅದು, ಆದ್ದರಿಂದ ಸುದ್ದಿ ನಮ್ಮ ಜೇಬಿನ ಫೋನಿಗೆ ಬಂದರಾಗದು, ದಂಡೆಗೇ ಬರಬೇಕು. ಸೈರನ್ ಕೇಳುವುದೂ ಅದಕ್ಕೇ. ಊರಿನ ಇಬ್ಬರು ಮೂವರು ಯುವಕರಿಗೆ ಜೀವರಕ್ಷಕ ತರಬೇತಿ ಕೊಟ್ಟು, ಹೊಳೆ ಕಾಯುವ ಕೆಲಸಕ್ಕೆ ಸಂಬಳ ಕೊಟ್ಟು ನೇಮಿಸಿದರೆ ಹಲಗೆ ಬರೆಯುವುದು, ಸೈರನ್ ಒತ್ತುವುದು, ಹಗ್ಗ ಮತ್ತು ಜಾಕೆಟ್ ಸಿದ್ಧವಾಗಿ ಇಡುವುದು ಎಲ್ಲವೂ ಅವರ ಕೈಯಲ್ಲೇ ನಡೆಯುತ್ತದೆ. ಹೊಳೆಯ ಸದ್ದು ತಿಳಿದ ಹಿರಿಯರು ಅವರಿಗೆ ಪಾಠ ಹೇಳಲಿ.

ಇನ್ನು ಟೆಂಟಿನ ವಿಷಯ. ಮುತ್ತತ್ತಿಯ ಸುತ್ತಲಿನ ಕಾಡು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ. ಈಗ ಅದರ ವಿಸ್ತಾರ 1,000 ಚದರ ಕಿಲೋಮೀಟರ್ ದಾಟಿದೆ. ಆನೆ, ನೀರುನಾಯಿ, ಮೊಸಳೆ, ಹೊಳೆಮತ್ತಿಯ ಮೇಲೆ ಗೂಡು ಕಟ್ಟುವ ನರೆಬಣ್ಣದ ಹೆಬ್ಬಳಿಲು, ಅಳಿವಿನಂಚಿಗೆ ಬಂದ ನಮ್ಮ ಬಿಳಿಮೀನು (ಮಹಶೀರ್), ಎಲ್ಲಕ್ಕೂ ಅದೇ ಮನೆ. ಅಲ್ಲಿ ಅನುಮತಿಯಿಲ್ಲದೆ ಉಳಿಯುವುದಾಗಲಿ ಬೆಂಕಿ ಹಾಕುವುದಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಆ ಕಾನೂನನ್ನು ಸಡಿಲಿಸಿ ಎಂದು ನಾನು ಖಂಡಿತ ಕೇಳುತ್ತಿಲ್ಲ. ಕಾಡಿನೊಳಗೆ ಒಂದೇ ಒಂದು ಟೆಂಟಿಗೂ ಜಾಗ ಕೊಡಬೇಡಿ.

ಆದರೆ ಚೆಕ್‌ಪೋಸ್ಟಿನಲ್ಲಿ ವಾಪಸ್ ಕಳಿಸಿದ ಬೈಕ್ ಬಳಗ ಬೆಂಗಳೂರಿಗೆ ಹಿಂತಿರುಗುವುದಿಲ್ಲ. ಯಾರದೋ ತೋಟ, ಯಾವುದೋ ಮರಳುದಿಬ್ಬ ಹುಡುಕಿಕೊಳ್ಳುತ್ತದೆ. ಅಲ್ಲಿ ಶೌಚಾಲಯವಿಲ್ಲ, ಬಂದವರ ಹೆಸರು ಬರೆದುಕೊಳ್ಳುವವರಿಲ್ಲ, ಹೊಳೆ ಎಲ್ಲಿಯವರೆಗೆ ಬರುತ್ತದೆ ಎಂದು ತಿಳಿದವರಿಲ್ಲ. ಹೆಣ್ಣುಮಕ್ಕಳು ಕತ್ತಲಲ್ಲಿ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯೊಂದೇ ಸಾಕು, ಇಂಥ ಜಾಗಗಳು ಎಷ್ಟು ಅಸುರಕ್ಷಿತ ಎಂದು ತಿಳಿಯಲು. ಇದರ ಬದಲು ಕಾಡಿನ ಗಡಿಯ ಹೊರಗೆ, ನೆರೆಯ ಗುರುತಿಗಿಂತ ಸಾಕಷ್ಟು ಎತ್ತರದ ಕಂದಾಯ ಜಮೀನಿನಲ್ಲಿ ಗ್ರಾಮ ಪಂಚಾಯಿತಿಯೇ ಒಂದು ಬಯಲು ಮಾಡಲಿ. ಇಂತಿಷ್ಟೇ ಟೆಂಟು, ಮುಂಗಡ ನೋಂದಣಿ, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಶೌಚಾಲಯ, ಸಂಜೆ ಆರರ ನಂತರ ಗೇಟು ಬಂದ್. ಅಡುಗೆಯನ್ನು ಊರಿನ ಸ್ತ್ರೀಶಕ್ತಿ ಸಂಘದವರು ಮಾಡಿ ಮಾರಲಿ. ಮುದ್ದೆ, ಬಸ್ಸಾರು, ಮೀನು ಸಾರು ಸಿಕ್ಕರೆ ನಮ್ಮಲ್ಲಿ ಯಾರೂ ಸ್ಟವ್ ಹೊತ್ತು ತರುವುದಿಲ್ಲ. ನಮ್ಮ ದುಡ್ಡು ಹಲಗೂರಿನ ಪೆಟ್ರೋಲ್ ಬಂಕಿನಲ್ಲೇ ನಿಲ್ಲದೆ ಹೊಳೆ ದಂಡೆಯ ಮನೆಗಳಿಗೂ ಸೇರುತ್ತದೆ. 2024ರಲ್ಲಿ ಅರಣ್ಯ ಇಲಾಖೆ ಚಾರಣದ ದಾರಿಗಳಿಗೆ ಆನ್‌ಲೈನ್ ಬುಕಿಂಗ್ ತಂದು, ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿತು. ಬೆಟ್ಟಕ್ಕೆ ಸಾಧ್ಯವಾದದ್ದು ಹೊಳೆಗೆ ಏಕಾಗಬಾರದು?

ಕಟ್ಟುಪಾಡು ನಮ್ಮ ಮೇಲೂ ಬೀಳಲಿ, ಗಟ್ಟಿಯಾಗಿಯೇ ಬೀಳಲಿ. ಸೈಲೆನ್ಸರ್ ಬದಲಾಯಿಸಿ ಕಿವಿ ಹರಿಯುವಂತೆ ಸದ್ದು ಮಾಡುವ ಬೈಕುಗಳನ್ನು ಹಲಗೂರಿನಲ್ಲೇ ತಡೆದು ದಂಡ ಹಾಕಿಸಿ. ಆ ಕಾಡುರಸ್ತೆಯಲ್ಲಿ ಮುಸ್ಸಂಜೆಗೆ ಆನೆ ದಾಟುತ್ತದೆ. ಮರಿ ಜೊತೆಗಿದ್ದರೆ ಅದು ಸದ್ದಿಗೆ ಹೆದರುವುದಿಲ್ಲ, ಸಿಟ್ಟಾಗುತ್ತದೆ. ಬಾಟಲಿಗಳ ವಿಷಯ ಬರೆಯುವಾಗ ನನಗೆ ಸಂಕಟವಾಗುತ್ತದೆ. ದೇವಸ್ಥಾನದ ಮುಂದಿನ ಸೋಪಾನದ ಬಳಿ ಮುಡಿ ಕೊಟ್ಟು ಮೀಯಲು ಇಳಿದ ಅಜ್ಜಿಯೊಬ್ಬರ ಅಂಗಾಲಿಗೆ ಬಿಯರ್ ಬಾಟಲಿಯ ಚೂರು ಹೊಕ್ಕಿದ್ದನ್ನು ಕಂಡಿದ್ದೇನೆ. ಅವರ ಮಗಳು ಸೀರೆಯ ಸೆರಗು ಹರಿದು ಕಟ್ಟುತ್ತಿದ್ದರು, ಅಜ್ಜಿ ಮಾತ್ರ "ದೇವರಿಗೆ ಇನ್ನೂ ಕೈ ಮುಗುದಿಲ್ಲ, ಬಿಡವ್ವ" ಎನ್ನುತ್ತಿದ್ದರು. ದಂಡೆಗೆ ಗಾಜು ಬರದಂತೆ ಚೆಕ್‌ಪೋಸ್ಟಿನಲ್ಲೇ ಚೀಲ ತೆರೆದು ನೋಡಲಿ. ನಾವು ನಿಂತು ತೋರಿಸುತ್ತೇವೆ.

ನಿಮ್ಮ ಅಧ್ಯಕ್ಷತೆಯಲ್ಲಿ ತಾಲ್ಲೂಕಿನ ಪ್ರಗತಿ ಪರಿಶೀಲನಾ (ಕೆಡಿಪಿ) ಸಭೆ ನಡೆಯುತ್ತದೆ. ಮುಂದಿನ ಸಭೆಗೆ ನೀರಾವರಿ, ವಿದ್ಯುತ್, ಅರಣ್ಯ, ಪ್ರವಾಸೋದ್ಯಮ, ಪೊಲೀಸ್, ಅಗ್ನಿಶಾಮಕ ಇಲಾಖೆಯವರನ್ನೂ ಪಂಚಾಯಿತಿಯವರನ್ನೂ ಒಟ್ಟಿಗೆ ಕೂರಿಸಿ, ನೀರು ಬಿಡುವ ಮೊದಲು ಮುತ್ತತ್ತಿಗೆ ಯಾರು ಫೋನ್ ಮಾಡಬೇಕು, ಅಲ್ಲಿ ಯಾರು ಎತ್ತಬೇಕು ಎಂಬುದನ್ನು ಹುದ್ದೆಯ ಹೆಸರು ಹಾಕಿ ನಡಾವಳಿಯಲ್ಲಿ ಬರೆಸಿ. ಅಳತೆಕಂಬ, ಸೈರನ್, ಜಾಕೆಟ್‌ಗಳಿಗೆ ನಿಮ್ಮ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ದೊಡ್ಡ ಪಾಲೇನೂ ಬೇಕಾಗದು. ಟೆಂಟಿನ ಬಯಲಿಗೆ ಜಮೀನು ಗುರುತಿಸಲು ಸಮಯ ಹಿಡಿದೀತು, ಅದಕ್ಕೆ ಕಾಯುತ್ತೇವೆ. ನೀರಿನ ಸುದ್ದಿಗೆ ಮಾತ್ರ ಮುಂದಿನ ಮುಂಗಾರಿನ ಗಡುವು ಇಟ್ಟುಕೊಳ್ಳಿ. ನಮ್ಮ ಬಳಗದಲ್ಲಿ ಒಬ್ಬ ಸಿವಿಲ್ ಎಂಜಿನಿಯರ್, ಇಬ್ಬರು ಎಲೆಕ್ಟ್ರಿಷಿಯನ್, ಒಬ್ಬಳು ತುರ್ತು ಚಿಕಿತ್ಸಾ ವಿಭಾಗದ ನರ್ಸ್ ಇದ್ದಾರೆ. ಕಂಬ ನೆಡಲು, ವೈರ್ ಎಳೆಯಲು, ಊರಿನ ಯುವಕರಿಗೆ ಪ್ರಥಮ ಚಿಕಿತ್ಸೆ ಕಲಿಸಲು ನೀವು ಹೇಳಿದ ಭಾನುವಾರ ಬರುತ್ತೇವೆ. ದಿನ ತಿಳಿಸಿ.

ಇತಿ,
ಮುತ್ತತ್ತಿರಾಯನ ಒಕ್ಕಲಿನ ಒಬ್ಬ ಹೆಣ್ಣುಮಗಳು,
ಬೈಕ್ ಬಳಗದ ಗೆಳೆಯ ಗೆಳತಿಯರ ಪರವಾಗಿ