ಮಾವನ ಮುದ್ದೆ, ಮಾವನ ರಿಪೋರ್ಟು

ಪುಟ್ಟಿ,

ನಿನ್ನೆ ಫೋನಲ್ಲಿ ಮಾವನ ಕ್ಯಾನ್ಸರ್ ರಿಪೋರ್ಟಿಗೆ ಏನರ್ಥ ಅಂತ ನೀನು ಕೇಳಿದ್ದಕ್ಕೆ ಸರಿಯಾಗಿ ಹೇಳೋಕೆ ಆಗಲಿಲ್ಲ, ಮಾವ ಪಕ್ಕದಲ್ಲೇ ಕೂತಿದ್ದ. ಅದಕ್ಕೇ ಈ ಕಾಗದ.

ಮೊದಲು ಸಿಕ್ಕಿಕೊಂಡಿದ್ದು ಮುದ್ದೆ. ಮಂಡ್ಯದವರು ನಾವು ಮುದ್ದೆ ಅಗಿಯೋದಿಲ್ಲ, ಸಾರಲ್ಲಿ ಹೊರಳಿಸಿ ನುಂಗಿಬಿಡುತ್ತೇವೆ. ಅಂಥವನು ಯುಗಾದಿ ಹೊತ್ತಿಗೆ ತುತ್ತಿಗೊಂದು ಗುಟುಕು ಮಜ್ಜಿಗೆ ಕುಡಿದು ಇಳಿಸುತ್ತಿದ್ದ. ಎದೆ ಮೇಲೆ ಬೆರಳಿಟ್ಟು 'ಇಲ್ಲೇ ನಿಲ್ಲುತ್ತೆ ಕಣಕ್ಕ' ಅಂದ. ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿಕೊಂಡೇ ಮೂರು ತಿಂಗಳು ಹೋಯಿತು. ದಿನಾ ಲ್ಯಾಬಲ್ಲಿ ಇಂಥ ಸ್ಲೈಡುಗಳಿಗೆ ಬಣ್ಣ ಹಾಕುವ ನನಗೂ ಹೊಳೆಯಲಿಲ್ಲ, ಅದು ಈಗಲೂ ಚುಚ್ಚುತ್ತದೆ.

ರಿಪೋರ್ಟಲ್ಲಿ 'ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಪೂರ್ಲಿ ಡಿಫರೆನ್ಶಿಯೇಟೆಡ್' ಅಂತಿದೆ. ಅಂದರೆ ಅನ್ನನಾಳದ ಚಪ್ಪಟೆ ಕೋಶಗಳ ಕ್ಯಾನ್ಸರ್, ಅದೂ ಕೋಶಗಳು ಸರಿಯಾಗಿ ಬಲಿಯದೇ ಇರುವಂಥದ್ದು. ಆ ಎರಡನೇ ಮಾತಿಗೇ ಅಲ್ವಾ ನೀನು ಹೆದರಿದ್ದು?

ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದ. ಒಳಗೋಡೆಯಲ್ಲಿ ಪದರ ಪದರವಾಗಿ ಚಪ್ಪಟೆ ಕೋಶಗಳು. ತಳದಲ್ಲಿ ಹುಟ್ಟಿದ್ದು ಮೇಲೆ ಬರುತ್ತಾ ಬಲಿಯುತ್ತದೆ, ಚಪ್ಪಟೆಯಾಗುತ್ತದೆ, ಉದುರಿ ಹೋಗುತ್ತದೆ. ಅದನ್ನು ಈ ದಾರಿಯಲ್ಲಿ ಇಡುವ ಜೀನ್‌ಗಳಲ್ಲಿ ಸಾಕ್ಸ್2, ಪಿ63 ಮುಖ್ಯ. ಹೊಟ್ಟೆಯ ಆಸಿಡ್ ವರ್ಷಗಟ್ಟಲೆ ಮೇಲೆ ಬರುತ್ತಿದ್ದರೆ ಕೆಲವರಿಗೆ ಕೆಳತುದಿಯಲ್ಲಿ ಕರುಳಿನಂಥ ಕೋಶಗಳು ಬಂದು ಕೂರುತ್ತವೆ, ಅದಕ್ಕೆ ಬ್ಯಾರೆಟ್ಸ್ ಅಂತಾರೆ. ಅಲ್ಲಿ ಹುಟ್ಟುವ ಅಡಿನೋಕಾರ್ಸಿನೋಮ ಅನ್ನೋ ಕ್ಯಾನ್ಸರ್ ಬೇರೆಯೇ ಜಾತಿ. 2017ರಲ್ಲಿ ಎರಡರ ಜೀನ್‌ಗಳನ್ನೂ ಓದಿ ನೋಡಿದಾಗ ಅಡಿನೋ ಹೊಟ್ಟೆಯ ಕ್ಯಾನ್ಸರಿಗೆ ಹತ್ತಿರ ಕಂಡಿತು, ಮಾವನ ಥರದ್ದು ತಲೆ-ಕತ್ತಿನ ಕ್ಯಾನ್ಸರಿಗೆ. ನಮ್ಮ ದೇಶದಲ್ಲಿ ಮಾವನ ಥರದ್ದೇ ಜಾಸ್ತಿ. ಬೀಡಿ, ಕುಡಿತ, ಅಡಿಕೆ-ಹೊಗೆಸೊಪ್ಪು, ನಿನಗೆ ಗೊತ್ತಲ್ಲ.

ಸ್ಲೈಡ್ ನಾನೂ ನೋಡಿದೆ. ಕೆಲವು ಗಡ್ಡೆಗಳಲ್ಲಿ ಗುಲಾಬಿ ಬಣ್ಣದ, ಈರುಳ್ಳಿ ಸುತ್ತಿನಂಥ ಮುತ್ತುಗಳು ಕಾಣುತ್ತವೆ, ಅದು ಕೆರಾಟಿನ್, ಬಲಿಯುವ ಚಪ್ಪಟೆ ಕೋಶ ಮಾಡುವ ಪ್ರೋಟೀನು. ಕ್ಯಾನ್ಸರ್ ಆದರೂ ಹಳೇ ಕಸುಬು ಬಿಟ್ಟಿಲ್ಲ ಅಂತ ಅರ್ಥ. ಮಾವನದರಲ್ಲಿ ಒಂದೂ ಮುತ್ತಿಲ್ಲ. ದಪ್ಪ ಕಪ್ಪು ನ್ಯೂಕ್ಲಿಯಸ್‌ಗಳು, ಒಂದರ ಥರ ಇನ್ನೊಂದಿಲ್ಲ, ಎಲ್ಲಿ ನೋಡಿದರೂ ಒಡೆದು ಎರಡಾಗುತ್ತಿವೆ. ಕಸುಬು ಬಿಟ್ಟ ಕೋಶಕ್ಕೆ ಬೆಳೆಯೋದೊಂದೇ ಕೆಲಸ, ಇಂಥವು ಸಾಮಾನ್ಯವಾಗಿ ಬೇಗ ಹರಡುತ್ತವೆ. ಇದನ್ನು ನಿನ್ನಿಂದ ಮುಚ್ಚಿಡೋದಿಲ್ಲ. ಆದರೆ ಚಪ್ಪಟೆ ಕೋಶಗಳ ಕುಲ ಗುರುತಿಸುವ ಪಿ40 ಅಂತ ಇನ್ನೊಂದು ಬಣ್ಣ ಹಾಕಿದಾಗ ಆ ನ್ಯೂಕ್ಲಿಯಸ್‌ಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದವು. ಕಸುಬು ಮರೆತರೂ ಕುಲ ಮರೆತಿಲ್ಲ. ಅದು ಮುಖ್ಯ ಪುಟ್ಟಿ, ಯಾಕೆಂದರೆ ಈ ಕುಲದ್ದು ಕೀಮೋ-ರೇಡಿಯೇಶನ್‌ಗೆ ಅಡಿನೋಗಿಂತ ಚೆನ್ನಾಗಿ ಕರಗುತ್ತದೆ. ಗೋಡೆಯಲ್ಲಿ ಎಷ್ಟು ಆಳ ಇಳಿದಿದೆ, ಲಿಂಫ್ ಗಂಟುಗಳಿಗೆ ಹೋಗಿದೆಯಾ ಅನ್ನೋದು 'ಪೂರ್ಲಿ' ಅನ್ನೋ ಈ ಗ್ರೇಡಿಗಿಂತ ದೊಡ್ಡ ಪ್ರಶ್ನೆ. ಅದು ಸ್ಕ್ಯಾನ್ ಆದಮೇಲೆ.

ಸ್ಕ್ಯಾನ್ ಸೋಮವಾರ, ಮೈಸೂರಲ್ಲೇ. ಹಾಸ್ಟೆಲಿಂದ ನೀನೂ ಬಾ, ಮಾವನ ಜೊತೆ ಕೂತಿರು. ಮುದ್ದೆ ವಿಷಯ ಮಾತ್ರ ಎತ್ತಬೇಡ. ಈಗ ರಾಗಿ ಗಂಜಿ ಕುಡಿಯುತ್ತಿದ್ದಾನೆ, ಅದೂ ತೆಳ್ಳಗೆ.

ನಿನ್ನ ಅಮ್ಮ