ಹಲಗೆಗೆ ಇಳಿದ ವಾಸನೆ: ಅತ್ತಿಗೆಗೆ ಒಂದು ಪತ್ರ

ಕ್ಲೀವ್‌ಲ್ಯಾಂಡ್, ಓಹಾಯೋ
ಜುಲೈ

ಪ್ರೀತಿಯ ಅತ್ತಿಗೆ,

ನಿನ್ನೆ ಫೋನ್ ಮಾಡಿದಾಗ ಅಪ್ಪ ಪಕ್ಕದಲ್ಲೇ ಕೂತಿದ್ದರು, ಹಾಗಾಗಿ ನೀವೂ ಬಾಯಿ ಬಿಡಲಿಲ್ಲ, ನಾನೂ ಕೆದಕಲಿಲ್ಲ. ರಾತ್ರಿ ನಿಮ್ಮ ಮೆಸೇಜ್ ನೋಡಿದೆ. ಅಪ್ಪ ಮಲಗುವ ಉಪ್ಪರಿಗೆ ಕೋಣೆಯ ಹಲಗೆ ನೆಲ ಮೂತ್ರದ ವಾಸನೆ ಹೊಡೆಯುತ್ತಿದೆ, ದಿನಾ ಫಿನೈಲ್ ಹಾಕಿ ಒರೆಸಿದರೂ ಸಂಜೆ ಹೊತ್ತಿಗೆ ಮತ್ತೆ ಹಾಜರ್, ಮಳೆ ಹಿಡಿದ ಮೇಲಂತೂ ಮೆಟ್ಟಿಲ ಬುಡದಲ್ಲೇ ಮೂಗಿಗೆ ಬಡಿಯುತ್ತದೆ ಅಂತ. ಈ ವಿಷಯದಲ್ಲಿ ನಾನೀಗ ಅರ್ಧ ಪಂಡಿತೆ. ಈ ಮನೆ ತಗೊಂಡಾಗಿನಿಂದ ನಮ್ಮದೂ ಅದೇ ಗೋಳು. ಫೋನಿನಲ್ಲಿ ಹೇಳುವುದಕ್ಕಿಂತ ಬರೆದೇ ಬಿಡೋಣ ಅನ್ನಿಸಿತು, ಬೇಕಾದಾಗ ತೆಗೆದು ನೋಡಬಹುದಲ್ಲ. ಅಪ್ಪನ ಕಣ್ಣಿಗೆ ಬೀಳದ ಹಾಗೆ ಇಟ್ಟುಕೊಳ್ಳಿ, ಪಾಪ, ನೊಂದುಕೊಳ್ಳುತ್ತಾರೆ.

ನಮ್ಮ ಮನೆ 1926ರಲ್ಲಿ ಕಟ್ಟಿದ್ದು. ಆ ಕಾಲದ ಮನೆಗಳಿಗೆ ಇಲ್ಲಿ ಓಕ್ ಮರದ ಪಟ್ಟಿ ಜೋಡಿಸಿ ನೆಲ ಮಾಡುತ್ತಿದ್ದರು, ಎರಡೂಕಾಲು ಇಂಚು ಅಗಲ, ಮುಕ್ಕಾಲು ಇಂಚು ದಪ್ಪ. ಆಮೇಲೆ ಕಾರ್ಪೆಟ್ ಹುಚ್ಚಿನ ಕಾಲ ಬಂತು ನೋಡಿ, ಅಂಥ ಮರದ ಮೇಲೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿ ಮೊಳೆ ಹೊಡೆದುಬಿಟ್ಟರು. ನಮಗಿಂತ ಮುಂಚೆ ಇದ್ದ ಅಜ್ಜಿ ಬೆಕ್ಕು ಸಾಕಿದ್ದರಂತೆ. ಎಷ್ಟು ಅಂತ ಯಾರೂ ಹೇಳಲಿಲ್ಲ, ವಾಸನೆ ನೋಡಿದರೆ ಒಂದು ಹಿಂಡೇ ಇದ್ದಿರಬೇಕು. ನಾವು ಮನೆ ನೋಡಿದ್ದು ಚಳಿಗಾಲದಲ್ಲಿ. ಹೀಟರ್ ಗಾಳಿಗೆ ಎಲ್ಲಾ ಒಣಗಿ ಕೂತಿತ್ತು, ಏನೂ ಗೊತ್ತಾಗಲಿಲ್ಲ. ಬೇಸಿಗೆಗೆ ಈರಿ ಸರೋವರದ ಕಡೆಯಿಂದ ತೇವದ ಗಾಳಿ ಶುರುವಾಯ್ತು, ಅಷ್ಟೇ ಮಾರಾಯ್ರೆ, ಬಾಗಿಲು ತೆಗೆದರೆ ಕಣ್ಣುರಿಯುವಷ್ಟು ಉಚ್ಚೆ ನಾತ. ದನದ ಗಂಜಲ ಚಿಮುಕಿಸಿ ಮನೆ ಶುದ್ಧ ಮಾಡಿಕೊಳ್ಳುವ ಊರಿಂದ ಬಂದವಳು ನಾನು, ಇಲ್ಲಿ ಬೆಕ್ಕಿನ ಉಚ್ಚೆ ತೊಲಗಿಸಲು ಡಾಲರ್ ಸುರಿಯುತ್ತಾ ಕೂತೆ!

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮಳೆ ಬಂದಾಗಲೇ ಯಾಕೆ ಜಾಸ್ತಿ? ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಬರುತ್ತದೆ, ಮೂಗಿಗೆ ಚುಚ್ಚುವುದು ಅದೇ. ಉಳಿದ ಲವಣಗಳು, ಜೊತೆಗೆ ನೀರಿನಲ್ಲಿ ಸುಲಭಕ್ಕೆ ಕರಗದ ಯೂರಿಕ್ ಆಸಿಡ್, ಮರದ ಸಣ್ಣ ಸಣ್ಣ ರಂಧ್ರಗಳಲ್ಲಿ ಹರಳುಗಟ್ಟಿ ಕೂರುತ್ತವೆ. ನಮ್ಮ ಅಡುಗೆಮನೆಯ ಉಪ್ಪಿನ ಭರಣಿ ಆಷಾಢದಲ್ಲಿ ನೀರು ಬಿಡುತ್ತದಲ್ಲ, ಹಾಗೇ ಈ ಹರಳುಗಳೂ ಗಾಳಿಯ ತೇವ ಎಳೆದುಕೊಂಡು ಒದ್ದೆಯಾಗುತ್ತವೆ. ಒದ್ದೆಯಾದರೆ ಬ್ಯಾಕ್ಟೀರಿಯಾಗಳಿಗೆ ಮತ್ತೆ ಹಬ್ಬ. ಬೆಕ್ಕಿನದು ಇನ್ನೂ ಒಂದು ಕೈ ಮೇಲೆ, ಅದರಲ್ಲಿ ಫೆಲಿನೀನ್ ಅಂತ ಒಂದು ವಸ್ತು ಇರುತ್ತದೆ, ಅದು ದಿನ ಕಳೆದಂತೆ ಒಡೆದು ಗಂಧಕದ ಜಾತಿಯ ವಾಸನೆ ಬಿಡುತ್ತದೆ. ಅಪ್ಪನ ಕೋಣೆಯಲ್ಲಿ ಆ ಪೀಡೆ ಇಲ್ಲ, ಅಷ್ಟಾದರೂ ಸಮಾಧಾನ.

ವಾಸನೆ ಇರುವುದು ಮರದ ಒಳಗೆ, ನೀವು ಒರೆಸುತ್ತಿರುವುದು ಮೇಲೆ. ಫಿನೈಲ್ ಅದರ ಮೇಲೆ ಇನ್ನೊಂದು ವಾಸನೆ ಹಚ್ಚುತ್ತದೆ, ಅಷ್ಟೇ. ಅದನ್ನು ಇವತ್ತೇ ನಿಲ್ಲಿಸಿ. ಬ್ಲೀಚಿಂಗ್ ಪೌಡರ್ ಅಂತೂ ಬೇಡವೇ ಬೇಡ. ಅಣ್ಣ ಅದನ್ನೇ ತರುತ್ತೇನೆ ಅಂದರೂ ಒಪ್ಪಬೇಡಿ. ಮೂತ್ರದ ಅಮೋನಿಯಾಕ್ಕೆ ಬ್ಲೀಚ್ ಸೇರಿದರೆ ಕ್ಲೋರಮೈನ್ ಅನ್ನುವ ವಿಷದ ಗಾಳಿ ಏಳುತ್ತದೆ, ಮಳೆಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ವಯಸ್ಸಾದವರ ಎದೆಗೆ ಅದು ತುಂಬಾ ಕೆಟ್ಟದ್ದು. ಬಿಸಿನೀರು ಸುರಿದು ತೊಳೆಯುವುದೂ ಬೇಡ. ಹಲಗೆ ಉಬ್ಬುತ್ತದೆ, ಕೊಳಕು ಇನ್ನೂ ಆಳಕ್ಕೆ ಇಳಿಯುತ್ತದೆ, ಸಂದಿಯಲ್ಲಿ ಸೋರಿ ಕೆಳಗಿನ ನಡುಮನೆಗೂ ಬರುತ್ತದೆ.

ಮೊದಲು ಜಾಗ ಹುಡುಕಬೇಕು. ಇಡೀ ಕೋಣೆ ನಾರುತ್ತದೆ ಅನ್ನಿಸಿದರೂ ಇರುವುದು ಎರಡು ಮೂರು ಕಡೆ ಮಾತ್ರ. ನೋಟು ಪರೀಕ್ಷೆ ಮಾಡುವ ನೇರಳೆ ಬೆಳಕಿನ ಟಾರ್ಚ್ ಬರುತ್ತದಲ್ಲ, ಅಂಥದ್ದೊಂದು ತರಿಸಿ. 365 ನ್ಯಾನೋಮೀಟರ್ ಅಂತ ಬರೆದಿರುವುದು ಒಳ್ಳೆಯದು, 395ರದ್ದೂ ನಡೆಯುತ್ತದೆ. ರಾತ್ರಿ ದೀಪ ಆರಿಸಿ ನೆಲದ ಹತ್ತಿರ ಹಿಡಿದರೆ ಮೂತ್ರ ಬಿದ್ದ ಜಾಗ ಹಳದಿ ಹಸಿರಾಗಿ ಹೊಳೆಯುತ್ತದೆ. ಸೋಪಿನ ಪುಡಿಯ ಕಲೆಯೂ ಹೊಳೆಯುತ್ತದೆ, ಅದಕ್ಕೇ ಹೊಳೆದ ಕಡೆಯೆಲ್ಲಾ ಮೂಗಿಟ್ಟು ಖಾತ್ರಿ ಮಾಡಿಕೊಳ್ಳಿ. ಸೀಮೆಸುಣ್ಣದಲ್ಲಿ ಸುತ್ತ ಗೆರೆ ಹಾಕಿಡಿ, ಬೆಳಗಾದರೆ ಎಲ್ಲಿ ಅಂತಲೇ ತಿಳಿಯುವುದಿಲ್ಲ. ಇನ್ನೊಂದು, ನಮ್ಮ ಊರ ಮನೆಯ ಉಪ್ಪರಿಗೆಗೆ ಕೆಳಗಿಂದ ಸೀಲಿಂಗ್ ಇಲ್ಲ. ನಡುಮನೆಯಲ್ಲಿ ನಿಂತು ತಲೆ ಎತ್ತಿದರೆ ಹಲಗೆಯ ಹೊಟ್ಟೆ ನೇರ ಕಾಣುತ್ತದೆ. ನಾನು ಇಲ್ಲಿ ನೆಲಮಾಳಿಗೆಗೆ ಇಳಿದು ಹಾಗೇ ನೋಡಿದೆ. ಮೇಲೆ ಅಂಗೈ ಅಗಲದ ಕಲೆ, ಕೆಳಗೆ ತಟ್ಟೆಯಗಲ ಕಪ್ಪು! ಓಕ್‌ನಲ್ಲಿ ಟ್ಯಾನಿನ್ ಅನ್ನುವ ಒಗರು ವಸ್ತು ಜಾಸ್ತಿ, ಅಮೋನಿಯಾ ತಗುಲಿದರೆ ಕಪ್ಪಾಗುತ್ತದೆ, ಕಬ್ಬಿಣದ ಮೊಳೆಯ ಸುತ್ತ ಶಾಯಿ ಚೆಲ್ಲಿದಷ್ಟು ಕಪ್ಪು. ನೂರು ವರ್ಷದ ಹಿಂದೆ ಇಲ್ಲಿನ ಬಡಗಿಗಳು ಬೇಕಂತಲೇ ಓಕ್ ಪೀಠೋಪಕರಣಗಳನ್ನು ಅಮೋನಿಯಾ ಹೊಗೆಯಲ್ಲಿ ಇಟ್ಟು ಬಣ್ಣ ಬರಿಸುತ್ತಿದ್ದರಂತೆ. ನಮ್ಮ ಬೆಕ್ಕುಗಳು ಅದನ್ನೇ ಪುಕ್ಕಟೆ ಮಾಡಿಕೊಟ್ಟಿವೆ.

ಜಾಗ ಸಿಕ್ಕಿತಾ? ಆಮೇಲೆ ಎನ್ಜೈಮ್ ಕ್ಲೀನರ್, ಅಂದರೆ ಮೂತ್ರದ ಅಂಶವನ್ನು ಒಡೆದುಹಾಕುವ ದ್ರಾವಣ. ನಾಯಿ ಬೆಕ್ಕಿನ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ, ಇಲ್ಲದಿದ್ದರೆ ಆನ್‌ಲೈನ್ ತರಿಸಿ. ಮೂತ್ರದ ಕಲೆಗೆ ಅಂತಲೇ ಬರೆದಿರಬೇಕು. ನಿಂಬೆ ಸಿಪ್ಪೆ ಬೆಲ್ಲ ಹಾಕಿ ಡಬ್ಬದಲ್ಲಿ ಕೊಳೆಸುವ ಬಯೋ ಎನ್ಜೈಮ್ ಅಲ್ಲ ಇದು, ಅದು ಹೆಚ್ಚುಕಡಿಮೆ ವಿನೆಗರ್ ಥರದ ಹುಳಿ, ಅದನ್ನು ನಂಬಿ ಕೂರಬೇಡಿ. ಮೊದಲು ಬರೀ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಫಿನೈಲ್ ಅಂಶ ಹೋಗುವ ತನಕ ಒರೆಸಿ, ಯಾಕೆಂದರೆ ಕ್ರಿಮಿನಾಶಕ ಉಳಿದಿದ್ದರೆ ಎನ್ಜೈಮ್ ಕೆಲಸ ಕೆಡುತ್ತದೆ. ನೆಲ ಒಣಗಲಿ. ಹಳೆ ಪಂಚೆಯ ತುಂಡನ್ನು ಎನ್ಜೈಮ್‌ನಲ್ಲಿ ನೆನೆಸಿ ಗೆರೆ ಹಾಕಿದ ಜಾಗದ ಮೇಲೆ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಭಾರ ಇಡಿ. ಒದ್ದೆ ಇರುವಷ್ಟು ಹೊತ್ತು ಮಾತ್ರ ಅದಕ್ಕೆ ಜೀವ. ಸ್ಪ್ರೇ ಮಾಡಿ ಐದು ನಿಮಿಷಕ್ಕೆ ಒರೆಸಿದರೆ ದುಡ್ಡು ದಂಡ. ರಾತ್ರಿ ಹಾಕಿ ಬೆಳಗ್ಗೆ ತೆಗೆಯಿರಿ, ಆಮೇಲೆ ಫ್ಯಾನ್ ಹಾಕಿ ಚೆನ್ನಾಗಿ ಒಣಗಿಸಿ. ಮೊದಲ ದಿನ ವಾಸನೆ ಇನ್ನೂ ಜಾಸ್ತಿ ಆಗುತ್ತದೆ, ಗಾಬರಿ ಬೇಡ, ಒಳಗಿದ್ದದ್ದು ನೆನೆದು ಮೇಲೆ ಬರುತ್ತಿದೆ ಅಂತ ಅರ್ಥ. ಪೂರ್ತಿ ಒಣಗಿದ ಮೇಲೂ ಇದ್ದರೆ ಇನ್ನೊಂದು ಸಲ ಹಾಕಿ. ಆದರೆ ಮರ ತೋಯ್ದು ತೊಪ್ಪೆ ಆಗುವಷ್ಟು ಸುರಿಯಬೇಡಿ. ವಾಸನೆ ಹೋಗಿ ಹಲಗೆ ಬಾಗಿದರೆ ಏನು ಬಂತು?

ಕಲೆ ಉಳಿದರೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಇದೆ. ಬಾಟಲಿ ಮೇಲೆ 6 ಪರ್ಸೆಂಟ್ ಅಂತಿದ್ದರೆ ಅಷ್ಟೇ ನೀರು ಬೆರೆಸಿ. ಮರದ ಬಣ್ಣವನ್ನೂ ಎಳೆಯುತ್ತದೆ, ಮಂಚದ ಕೆಳಗೆ ಯಾರಿಗೂ ಕಾಣದ ಕಡೆ ಮೊದಲು ಹಚ್ಚಿ ನೋಡಿ. ವಿನೆಗರ್ ಜೊತೆ ಒಂದೇ ಬಾಟಲಿಯಲ್ಲಿ ಬೆರೆಸಬೇಡಿ, ಚರ್ಮ ಸುಡುವ ಆಸಿಡ್ ಆಗುತ್ತದೆ. ಅಡುಗೆ ಸೋಡಾ ಮೇಲ್ಮೈ ವಾಸನೆಗೆ ಪರವಾಗಿಲ್ಲ, ಆಳಕ್ಕೆ ಪ್ರಯೋಜನ ಇಲ್ಲ. ನನಗೆ ಕಲೆಯ ಚಿಂತೆ ಇಲ್ಲ ಬಿಡಿ. ಹಳೆ ಮನೆ ಅಂದಮೇಲೆ ಕಲೆ ಇರಲಿ, ನಾತ ಹೋಗಲಿ.

ಇಷ್ಟು ಮಾಡಿದ ಮೇಲೂ ನಮ್ಮಲ್ಲಿ ಎರಡು ಮೂಲೆ ಜಗ್ಗಲಿಲ್ಲ. ನೆಲ ಮಾಡುವವನೊಬ್ಬ ಬಂದು ನೋಡಿ, ಇಡೀ ಹಾಲ್ ಕಿತ್ತು ಹೊಸದು ಹಾಕಿ ಅಂದ, ಅವನು ಹೇಳಿದ ರೇಟಿಗೆ ಊರಲ್ಲಿ ಒಂದು ಕೊಟ್ಟಿಗೆಯೇ ಕಟ್ಟಿಸಬಹುದು. ಇವರು ಒಪ್ಪಲಿಲ್ಲ. ಆ ಮೂಲೆಯ ಕೆಲವು ಪಟ್ಟಿ ಮಾತ್ರ ಎಬ್ಬಿಸಿದರು. ಎಬ್ಬಿಸಿದ ತುಂಡಿನ ಒಂದು ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿ ಇನ್ನೊಂದು ತುದಿಯಿಂದ ಊದಿದರೆ ಗುಳುಗುಳು ಅಂತ ಗುಳ್ಳೆ ಬರುತ್ತದೆ ಅತ್ತಿಗೆ! ಕೆಂಪು ಓಕ್‌ನ ರಂಧ್ರಗಳು ಉದ್ದಕ್ಕೂ ತೆರೆದೇ ಇರುತ್ತವೆ. ಬಿಳಿ ಓಕ್‌ನಲ್ಲಿ ಅವು ಮುಚ್ಚಿಕೊಂಡಿರುತ್ತವೆ, ಅದಕ್ಕೇ ವಿಸ್ಕಿ ಪೀಪಾಯಿಗೆ ಅದನ್ನೇ ಬಳಸುವುದು. ನಮ್ಮದು ಕೆಂಪು, ಕುಡಿಯುವಷ್ಟು ಕುಡಿದಿದೆ. ಮಕ್ಕಳಿಗೆ ಊದುವ ಆಟ ಸಿಕ್ಕಿತು ಅಂತ ಖುಷಿ. ಊದಿದ್ದು ಯಾವ ತುಂಡು ಅಂತ ಕೇಳಬೇಡಿ, ಸ್ವಚ್ಛ ತುದಿ ಕತ್ತರಿಸಿ ಕೊಟ್ಟಿದ್ದರು.

ಎಬ್ಬಿಸಿದ ಪಟ್ಟಿಗಳ ಕೆಳಗಿದ್ದ ಹಲಗೆಗಳನ್ನು ಒಣಗಿಸಿ ಅದರ ಮೇಲೆ ಶೆಲಾಕ್ ಬಳಿದರು. ವಾಸನೆಯನ್ನು ಒಳಗೇ ಕಟ್ಟಿಹಾಕುವುದಕ್ಕೆ ಇಲ್ಲಿ ಎಲ್ಲರೂ ಹೇಳುವುದು ಅದನ್ನೇ. ಡಬ್ಬ ತಿರುಗಿಸಿ ನೋಡಿದರೆ ನಮ್ಮ ಅರಗು! ಚನ್ನಪಟ್ಟಣದ ಗೊಂಬೆಗೆ ಲೇತ್ ಮೇಲೆ ಒತ್ತಿ ಮೆರುಗು ಕೊಡುತ್ತಾರಲ್ಲ, ಅದೇ. ಜಾರ್ಖಂಡ್ ಕಡೆಯ ಕಾಡಿನ ಮರಗಳಲ್ಲಿ ಪುಟ್ಟ ಹುಳ ಬಿಡುವ ಅಂಟು, ಸ್ಪಿರಿಟ್‌ನಲ್ಲಿ ಕರಗಿಸಿದರೆ ಶೆಲಾಕ್. ಊರಿನ ಆಚಾರಿಗಳು ಫ್ರೆಂಚ್ ಪಾಲಿಶ್ ಅನ್ನುವುದೂ ಇದನ್ನೇ. ಒಂದು ಎಚ್ಚರ ಇದೆ. ಅಮೋನಿಯಾ ಅರಗನ್ನು ಕರಗಿಸುತ್ತದೆ. ಅದಕ್ಕೇ ಮತ್ತೆ ಮೂತ್ರ ಬೀಳುವ ಜಾಗದಲ್ಲಿ ಬರೀ ಅರಗು ಸಾಲದು, ಅದರ ಮೇಲೆ ಪಾಲಿಯುರೆಥೇನ್ ವಾರ್ನಿಶ್ ಬೇಕು. ನಿಮ್ಮಲ್ಲಿ ಇದು ಮಳೆ ಪೂರ್ತಿ ನಿಂತ ಮೇಲಿನ ಕೆಲಸ. ಈಗ ಹಚ್ಚಿಸಿದರೆ ತೇವಕ್ಕೆ ಅರಗು ಬೆಳ್ಳಗೆ ಮಂಕಾಗುತ್ತದೆ, ಒಳಗಿನ ನೀರೂ ಒಳಗೇ ಉಳಿಯುತ್ತದೆ. ದೀಪಾವಳಿ ಕಳೆಯಲಿ. ಆಚಾರಿಯನ್ನು ಕರೆಸಿ ಮೇಲ್ಪದರ ಉಜ್ಜಿಸಿ, ಸಂದಿ ತುಂಬಿಸಿ, ಆಮೇಲೆ ಬಳಿಸಿ. ಅಣ್ಣ ಈಗಲೇ ಮಾಡಿ ಮುಗಿಸೋಣ ಅನ್ನುತ್ತಾನೆ, ನನಗೆ ಗೊತ್ತು. ತಡೆಯಿರಿ.

ಇನ್ನು ಅಪ್ಪನ ಮಾತು. ನೆಲ ಎಷ್ಟು ತೊಳೆದರೂ ಮೂಲ ಅಲ್ಲೇ ಇದೆಯಲ್ವಾ. ರಾತ್ರಿ ಮೆಟ್ಟಿಲಿಳಿದು ಹಿತ್ತಲಿಗೆ ಹೋಗುವಷ್ಟು ಹೊತ್ತು ಅವರಿಗೆ ತಡೆಯಲಾಗುತ್ತಿಲ್ಲ, ಆ ಕಡಿದಾದ ಮೆಟ್ಟಿಲು ಕತ್ತಲಲ್ಲಿ ಇಳಿಯದಿರುವುದೇ ಒಳ್ಳೆಯದು ಅನ್ನಿ. ಮೆಡಿಕಲ್ ಶಾಪಿನಲ್ಲಿ ಮುಚ್ಚಳ ಇರುವ ಯೂರಿನ್ ಪಾಟ್ ಸಿಗುತ್ತದೆ, ಮಂಚದ ಬಲಗಡೆ ಕೈಗೆ ಸಿಗುವ ಹಾಗೆ ಸ್ಟೂಲಿನ ಮೇಲಿಡಿ, ಸಣ್ಣ ದೀಪ ಉರಿಯುತ್ತಿರಲಿ. ಮಂಚದ ಸುತ್ತ ನೆಲಕ್ಕೆ ರಬ್ಬರ್ ಶೀಟ್ ಹಾಸಿ ಅಂಚು ಜಾರದ ಹಾಗೆ ಟೇಪ್ ಹಚ್ಚಿ, ಕಾಲಿಗೆ ತೊಡರಿ ಬಿದ್ದರೆ ಅದೊಂದು ಬೇರೆ ಕಥೆ. ಬಿದ್ದದ್ದು ಕಂಡ ತಕ್ಷಣ ಹತ್ತಿ ಬಟ್ಟೆ ಹಾಕಿ ಕಾಲಲ್ಲಿ ಒತ್ತಿ ಹೀರಿಸಿ, ಉಜ್ಜಬೇಡಿ. ಮರಕ್ಕೆ ಇಳಿಯುವ ಮೊದಲು ಹೀರಿದರೆ ಮೇಲೆ ಬರೆದ ತಾಪತ್ರಯ ಯಾವುದೂ ಇಲ್ಲ.

ಕೆಳಗಿನ ಕೋಣೆಗೆ ಬನ್ನಿ ಅಂದರೆ ಅವರು ಬರುವುದಿಲ್ಲ, ಕಿಟಕಿಯಿಂದ ತೋಟ ಕಾಣಬೇಕು. ಬಲವಂತ ಬೇಡ. ಆದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲೇಬೇಕು. ಈ ವಯಸ್ಸಿನ ಗಂಡಸರಿಗೆ ಪ್ರಾಸ್ಟೇಟ್ ದೊಡ್ಡದಾಗುವುದು ಮಾಮೂಲು, ಮಾತ್ರೆಯಲ್ಲೇ ಎಷ್ಟೋ ಜನಕ್ಕೆ ಹತೋಟಿಗೆ ಬರುತ್ತದೆ. ವಾಸನೆ ಇದ್ದಕ್ಕಿದ್ದಂತೆ ತೀಕ್ಷ್ಣ ಆಗಿದ್ದರೆ ಸೋಂಕು ಇದ್ದರೂ ಇರಬಹುದು, ಮೂತ್ರ ಪರೀಕ್ಷೆ ಮಾಡಿಸಿ. ಒಂದಕ್ಕೆ ಏಳಬೇಕಾಗುತ್ತದೆ ಅಂತ ಹೆದರಿ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿರುತ್ತಾರೆ, ನೀವು ಗಮನಿಸಿ. ಹಾಗೆ ಮಾಡಿದರೆ ಮೂತ್ರ ಗಟ್ಟಿಯಾಗಿ ವಾಸನೆ ಜಾಸ್ತಿ, ಸೋಂಕಿಗೂ ದಾರಿ. ಹಗಲು ಚೆನ್ನಾಗಿ ಕುಡಿಯಲಿ, ಮಲಗುವ ಮುಂಚೆ ಸ್ವಲ್ಪ ಕಡಿಮೆ ಮಾಡಲಿ. ಒದ್ದೆ ಪಂಚೆ ಬಚ್ಚಿಡುತ್ತಾರೆ ಅಂತ ಬರೆದಿದ್ದೀರಿ. ಕಂಡರೂ ಕಾಣದ ಹಾಗೆ ತೆಗೆದು ಒಗೆಯಲು ಹಾಕುತ್ತೀರಿ, ನಿಮಗೆ ಹೇಳಿಕೊಡಬೇಕಾಗಿಲ್ಲ. ಮಕ್ಕಳು ಮಾತ್ರ ಅವರೆದುರು ಮೂಗು ಮುಚ್ಚಿಕೊಳ್ಳದ ಹಾಗೆ ನೋಡಿಕೊಳ್ಳಿ. ಪಾಟ್ ವಿಷಯ ನಾನೇ ಫೋನಿನಲ್ಲಿ ಹೇಳುತ್ತೇನೆ, ಬೈದರೆ ನನ್ನನ್ನು ಬೈಯಲಿ, ಇಷ್ಟು ದೂರ ಇದ್ದೇನೆ.

ಟಾರ್ಚ್ ಮತ್ತು ಎನ್ಜೈಮ್ ಬಾಟಲಿ ಆರ್ಡರ್ ಮಾಡಿದ್ದೇನೆ, ಅಣ್ಣನ ನಂಬರ್ ಕೊಟ್ಟಿದ್ದೇನೆ. ಕೊರಿಯರ್‌ನವರು ಪೇಟೆಗೇ ಬಂದು ತಗೊಂಡು ಹೋಗಿ ಅನ್ನಬಹುದು, ನಮ್ಮ ಘಟ್ಟದ ರಸ್ತೆಯ ಕಷ್ಟ ಅವರಿಗೆ ಹೊಸದೇನಲ್ಲ. ಅಷ್ಟರಲ್ಲಿ ನಡುಮನೆಯಲ್ಲಿ ನಿಂತು ಅಪ್ಪನ ಮಂಚದ ನೇರಕ್ಕೆ ಹಲಗೆಯ ಕೆಳಭಾಗದ ಒಂದು ಫೋಟೋ ತೆಗೆದು ಕಳಿಸಿ. ಕಪ್ಪು ಕೆಳಗಿನ ತನಕ ಇಳಿದಿದೆಯೋ ಇಲ್ಲವೋ ನೋಡಿ ಹೇಳುತ್ತೇನೆ.

ನಿಮ್ಮ ನಾದಿನಿ