ಶೂಟಿಂಗ್ ಆಟಗಳ ಬಗ್ಗೆ ಬರೆಯುವಾಗ ಆಡುವವರನ್ನೂ ಕೇಳಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಮೊಬೈಲ್ ಆಟಗಳ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಗುಂಡು ಹಾರಿಸುವ ಆಟಗಳೆಲ್ಲ ಒಂದೇ, ತಲೆಗೆ ಕೆಲಸವೇ ಇಲ್ಲ ಎಂದು ಅದರಲ್ಲಿ ಬರೆದಿದ್ದರು. ಓದಿ ಬೇಜಾರಾಯಿತು. ವೈದ್ಯರ ಮಾತಿತ್ತು, ಪಾಲಕರ ಮಾತಿತ್ತು, ಶಿಕ್ಷಕರ ಮಾತಿತ್ತು. ಆಡುವ ಹುಡುಗರದ್ದು ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ.

ನಾನು 2004ರಿಂದ ಏಳು ವರ್ಷ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಸೈಬರ್ ಕೆಫೆ ನಡೆಸಿದವನು. ಎಂಟು ಕಂಪ್ಯೂಟರ್ ಇದ್ದವು. ರಿಸಲ್ಟ್ ನೋಡಲು, ಪ್ರಿಂಟ್ ತೆಗೆಸಲು ಬಂದ ಇಂಜಿನಿಯರಿಂಗ್ ಹುಡುಗರು ಕ್ರಿಮ್ಸನ್‌ಲ್ಯಾಂಡ್ ಆಡುತ್ತಾ ಕೂತುಬಿಡುತ್ತಿದ್ದರು. ಫಿನ್‌ಲ್ಯಾಂಡಿನ ಒಂದು ಸಣ್ಣ ಕಂಪನಿ ಮಾಡಿದ ಆಟ ಅದು, 2003ರದ್ದು. ಮಾಳಿಗೆ ಮೇಲೆ ನಿಂತು ಅಂಗಳ ನೋಡಿದ ಹಾಗೆ ಇಡೀ ಬಯಲು ಮೇಲಿನಿಂದ ಕಾಣುತ್ತದೆ. ನಡುವೆ ನೀವು ಒಬ್ಬರೇ. ನಾಲ್ಕೂ ಕಡೆಯಿಂದ ಜೇಡ, ಹಲ್ಲಿ, ಸತ್ತೆದ್ದ ಹೆಣಗಳು ಬರುತ್ತಲೇ ಇರುತ್ತವೆ. ಎಡಗೈಯಲ್ಲಿ ಕೀಬೋರ್ಡ್ ಹಿಡಿದು ಓಡಬೇಕು, ಬಲಗೈಯಲ್ಲಿ ಮೌಸ್ ಹಿಡಿದು ಗುರಿ ಇಡಬೇಕು. ಲೆವೆಲ್ ಏರಿದಾಗಲೆಲ್ಲ ನಾಲ್ಕಾರು ಶಕ್ತಿಗಳ ಪಟ್ಟಿ ಬರುತ್ತದೆ, ಅದರಲ್ಲಿ ಒಂದನ್ನೇ ಆರಿಸಬೇಕು. ಬೇಗ ಓಡುವುದು ಬೇಕೋ, ಬಂದೂಕಿಗೆ ಬೇಗ ಗುಂಡು ತುಂಬುವುದು ಬೇಕೋ? ಇದರ ಬಗ್ಗೆ ಆ ಹುಡುಗರು ಹೊರಗೆ ಚಹಾ ಕುಡಿಯುತ್ತಾ ಅರ್ಧ ತಾಸು ವಾದ ಮಾಡುತ್ತಿದ್ದರು. ತಲೆಗೆ ಕೆಲಸ ಇಲ್ಲ ಎಂದು ಬರೆದವರು ಆ ವಾದ ಕೇಳಬೇಕಿತ್ತು.

ಅವರ ಆಟ ನೋಡುತ್ತಾ ನೋಡುತ್ತಾ ನನಗೂ ಒಂದು ವಿಷಯ ಗೊತ್ತಾಯಿತು. ಇದರಲ್ಲಿ ಗುಂಡಿಗಿಂತ ಕಾಲು ಮುಖ್ಯ. ಹೊಸಬರು ಮೂಲೆಗೆ ಹೋಗಿ ನಿಂತು ಹೊಡೆಯುತ್ತಾರೆ, ಒಂದು ನಿಮಿಷದಲ್ಲಿ ಸಾಯುತ್ತಾರೆ. ಪಳಗಿದವರು ನಿಲ್ಲುವುದೇ ಇಲ್ಲ, ದೊಡ್ಡದಾಗಿ ಸುತ್ತು ಹಾಕುತ್ತಾ ಇಡೀ ಗುಂಪನ್ನು ತಮ್ಮ ಹಿಂದೆ ಎಳೆದುಕೊಂಡು, ಗುಂಪು ಒಂದೇ ಕಡೆ ಕೂಡಿದ ಮೇಲೆ ತಿರುಗಿ ಹೊಡೆಯುತ್ತಾರೆ. ಕಬಡ್ಡಿಯಲ್ಲಿ ರೈಡರ್ ಮೂಲೆಗೆ ಸಿಕ್ಕರೆ ಕಥೆ ಮುಗಿಯಿತು, ಅಲ್ವಾ? ಇಲ್ಲೂ ಹಾಗೇ.

ಈ ಬಗೆಯ ಆಟ ಈಗಿನದಲ್ಲ. 1982ರಲ್ಲಿ ಅಮೆರಿಕದಲ್ಲಿ ರೋಬೋಟ್ರಾನ್ 2084 ಬಂತು, ಕಾಸು ಹಾಕಿ ಆಡುವ ಮಷಿನ್ ಅದು. ಅದನ್ನು ಮಾಡಿದವರಲ್ಲಿ ಒಬ್ಬರಾದ ಯುಜೀನ್ ಜಾರ್ವಿಸ್ ಅವರಿಗೆ ಕಾರು ಅಪಘಾತದಲ್ಲಿ ಬಲಗೈಗೆ ಪೆಟ್ಟಾಗಿತ್ತು. ಕೈಗೆ ಬ್ಯಾಂಡೇಜ್ ಇದ್ದಾಗ ಬಟನ್ ಒತ್ತುವುದು ಕಷ್ಟವಾಯಿತು. ಎರಡು ಜಾಯ್‌ಸ್ಟಿಕ್ (ಕೈಯಲ್ಲಿ ಹಿಡಿದು ಆಡಿಸುವ ಕೋಲು) ಇಡುವ ವಿಚಾರ ಬಂದಿದ್ದಕ್ಕೆ ಅದೂ ಒಂದು ಕಾರಣ. ಒಂದರಿಂದ ಓಡುವುದು, ಇನ್ನೊಂದರಿಂದ ಹೊಡೆಯುವುದು. ಓಡುವುದು ಒಂದು ದಿಕ್ಕಿಗೆ, ಹೊಡೆಯುವುದು ಇನ್ನೊಂದು ದಿಕ್ಕಿಗೆ. ಧಾರವಾಡದ ಕಡೆ ತಬಲಾ ಕಲಿತವರನ್ನು ಕೇಳಿ, ಎರಡು ಕೈಗೆ ಎರಡು ಕೆಲಸ ಹಚ್ಚುವುದು ಎಷ್ಟು ಕಷ್ಟ ಎಂದು ಅವರು ಹೇಳುತ್ತಾರೆ. ಇವತ್ತು ಮೊಬೈಲ್ ಪರದೆಯಲ್ಲಿ ಎಡ ಹೆಬ್ಬೆರಳಿಗೆ ಒಂದು ದುಂಡು, ಬಲ ಹೆಬ್ಬೆರಳಿಗೆ ಒಂದು ದುಂಡು ಕಾಣುತ್ತದಲ್ಲ, ಅದರ ಬೇರು ಅಲ್ಲಿದೆ.

ಈಗ ನನ್ನ ಅಕ್ಕನ ಮಗ ಮತ್ತು ಅವನ ಗೆಳೆಯರ ವಿಷಯಕ್ಕೆ ಬರುತ್ತೇನೆ. ಧಾರವಾಡದ ಸಪ್ತಾಪುರಕ್ಕೆ ಟ್ಯೂಷನ್‌ಗೆ ಹೋಗುತ್ತಾರೆ, ಚಿಗರಿ ಬಸ್ಸಿನಲ್ಲಿ ಬ್ರಾಲ್ ಸ್ಟಾರ್ಸ್ ಆಡುತ್ತಾರೆ. ಅದೂ ಮೇಲಿನಿಂದ ನೋಡುವ ಅಖಾಡದ ಆಟ. 2018ರ ಡಿಸೆಂಬರ್‌ನಲ್ಲಿ ಎಲ್ಲ ಕಡೆ ಬಿಡುಗಡೆಯಾಯಿತು. ಜೆಮ್ ಗ್ರ್ಯಾಬ್ ಎಂಬ ಪಂದ್ಯದಲ್ಲಿ ಮೂವರ ಎದುರು ಮೂವರು. ಅಖಾಡದ ನಡುವಿನ ಗಣಿಯಿಂದ ಹರಳುಗಳು ಹೊರಗೆ ಬರುತ್ತವೆ, ಒಂದು ತಂಡ ಹತ್ತು ಹರಳು ಕೂಡಿಸಿ ಸೆಕೆಂಡುಗಳ ಎಣಿಕೆ ಮುಗಿಯುವ ತನಕ ಹಿಡಿದಿಟ್ಟುಕೊಂಡರೆ ಗೆಲುವು. ಹರಳು ಹಿಡಿದವನು ಸತ್ತರೆ ಎಲ್ಲ ಅಲ್ಲೇ ಚೆಲ್ಲುತ್ತವೆ. ಒಂದು ಸಂಜೆ ಅವರ ಪಕ್ಕದಲ್ಲೇ ಕೂತಿದ್ದೆ. ಅಳಿಯನ ಹತ್ತಿರ ಏಳು ಹರಳು ಇದ್ದವು, ತಂಡದ್ದು ಹತ್ತು ಆಗಿತ್ತು, ಹಿಂದೆ ಸರಿಯುವುದು ಬಿಟ್ಟು ಇನ್ನೊಬ್ಬನನ್ನು ಹೊಡೆಯಲು ಮುಂದೆ ಹೋದ, ಸತ್ತ, ಪಂದ್ಯವೂ ಹೋಯಿತು. ಫೋನ್ ಕೆಳಗಿಟ್ಟು, "ಮಾಮಾ, ನಂದ ತಪ್ಪ ಆತು" ಎಂದ. ಯಾರನ್ನೂ ಬೈಯಲಿಲ್ಲ. ಆ ಮಾತು ನನಗೆ ತುಂಬಾ ಹಿಡಿಸಿತು.

ಒಳ್ಳೆಯ ಆಟ ಯಾವುದು ಎಂದು ಆಡುವವರನ್ನು ಕೇಳಿದರೆ ಮಾತು ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಸತ್ತರೆ ನನ್ನ ತಪ್ಪಿನಿಂದ ಸಾಯಬೇಕು. ವೇಗ ಎಷ್ಟಾದರೂ ಇರಲಿ, ಬರುವ ಗುಂಡು ಕಣ್ಣಿಗೆ ಕಾಣಬೇಕು. ನನ್ನ ಕೆಫೆಯ ಹುಡುಗರೂ ಇದನ್ನೇ ಹೇಳುತ್ತಿದ್ದರು, ಇವರೂ ಇದನ್ನೇ ಹೇಳುತ್ತಾರೆ. ಈಚಿನ ಎಷ್ಟೋ ಆಟಗಳಲ್ಲಿ ಹೊಳಪು, ಕಿಡಿ, ಸ್ಫೋಟ ಎಲ್ಲ ಸೇರಿ ಪರದೆ ತುಂಬಿಬಿಡುತ್ತದೆ, ಯಾವುದು ನನ್ನ ಗುಂಡು ಯಾವುದು ಎದುರಾಳಿಯದು ಎಂದೇ ತಿಳಿಯುವುದಿಲ್ಲ. ಅದನ್ನು ವೇಗ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಎಲ್ಲರದ್ದೂ ಒಂದೇ ಅಭಿಪ್ರಾಯ ಎಂದುಕೊಳ್ಳಬೇಡಿ. ಬ್ರಾಲ್ ಸ್ಟಾರ್ಸ್‌ನಲ್ಲಿ ಗುಂಡಿನ ಬಟನ್ ಸುಮ್ನೆ ಒತ್ತಿದರೆ ಹತ್ತಿರದವನಿಗೆ ಆಟವೇ ಗುರಿ ಹಿಡಿಯುತ್ತದೆ, ಎಳೆದು ಬಿಟ್ಟರೆ ನಾವೇ ಗುರಿ ಇಡಬಹುದು. ಸುಮ್ನೆ ಒತ್ತುವುದು ಆಟವೇ ಅಲ್ಲ ಎಂದು ಅಳಿಯ ಹೇಳುತ್ತಾನೆ. ಅವರಲ್ಲೇ ಚೆನ್ನಾಗಿ ಆಡುವ ಒಬ್ಬ ಹುಡುಗಿ ಇದನ್ನು ಒಪ್ಪುವುದಿಲ್ಲ. ಎದುರಾಳಿ ಮೈಮೇಲೆ ಬಂದಾಗ ಎಳೆಯುತ್ತಾ ಕೂರಲು ಟೈಮ್ ಎಲ್ಲಿದೆ, ಯಾವಾಗ ಒತ್ತಬೇಕು ಯಾವಾಗ ಎಳೆಯಬೇಕು ಎಂದು ತಿಳಿಯುವುದೂ ಆಟವೇ ಎನ್ನುತ್ತಾಳೆ. ನನಗೆ ಅವಳ ಮಾತೇ ಸರಿ ಅನ್ನಿಸಿತು.

ನಿಜವಾಗಿ ಸಿಟ್ಟು ಬಂದಿದ್ದು ಬೇರೆ ಕಡೆ. ಅವರು ಆಡುತ್ತಿದ್ದ ಇನ್ನೊಂದು ಆಟದಲ್ಲಿ (ಹೆಸರು ಬೇಡ) ದುಡ್ಡು ಕೊಟ್ಟವನ ಬಂದೂಕಿಗೆ ಬಲ ಜಾಸ್ತಿ, ಮೈಗೂ ಬಲ ಜಾಸ್ತಿ. ದುಡ್ಡು ಕೊಟ್ಟ ಎದುರಾಳಿಯದ್ದೂ ಅಳಿಯನದ್ದೂ ಒಂದೇ ಪಾತ್ರ, ಅಳಿಯ ಮೂರು ಗುಂಡು ಹೊಡೆದರೂ ಅವನು ಬೀಳಲಿಲ್ಲ, ಅವನ ಎರಡು ಗುಂಡಿಗೆ ಇವನು ಬಿದ್ದ. "ಮಾಮಾ, ನಾ ಮೊದಲ ಹೊಡದೆ, ನಾನ ಸತ್ತೆ" ಎಂದು ಹೇಳುವಾಗ ಅವನ ಮುಖ ನೋಡಬೇಕಿತ್ತು. ಆಮೇಲೆ ಅಕ್ಕನ ಫೋನಿನಿಂದ ಹೇಳದೇ ಕೇಳದೇ 799 ರೂಪಾಯಿ ಹಾಕಿದ. ಮನೆಯಲ್ಲಿ ದೊಡ್ಡ ಜಗಳ ಆಯಿತು. ಅವನು ಮಾಡಿದ್ದು ತಪ್ಪು, ನಾನೂ ಬೈದೆ. ಆದರೆ ಕುಸ್ತಿ ಅಖಾಡದಲ್ಲಿ ಫೀ ಜಾಸ್ತಿ ಕೊಟ್ಟ ಪೈಲ್ವಾನನಿಗೆ ಎದುರಾಳಿಯ ಒಂದು ಕೈ ಕಟ್ಟಿ ಕೊಡುತ್ತಾರೇನು? 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿತು, ಈ-ಸ್ಪೋರ್ಟ್ಸನ್ನು (ವಿಡಿಯೋ ಆಟಗಳ ಸ್ಪರ್ಧೆಗಳನ್ನು) ಬೇರೆ ಎಂದು ಗುರುತಿಸಿತು. ಒಳ್ಳೆಯದೇ. ಆದರೆ ಇಲ್ಲಿ ಹುಡುಗ ಹಣ ಗೆಲ್ಲಲು ಹೋಗಿಲ್ಲ, ಬಲ ಕೊಳ್ಳಲು ಹೋಗಿದ್ದಾನೆ. ಇದನ್ನು ಮನೆಯವರಿಗೆ ಮೊದಲೇ ತಿಳಿಸಬೇಕಾದವರು ಯಾರು? ಪತ್ರಿಕೆಗಳೇ, ಅಲ್ವಾ?

ಎಲ್ಲ ಒಂದೇ ಎಂಬ ಮಾತಿಗೆ ಮತ್ತೆ ಬರುತ್ತೇನೆ. ಜಿಯೊಮೆಟ್ರಿ ವಾರ್ಸ್ ಎಂಬ ಆಟದಲ್ಲಿ ಮನುಷ್ಯರೇ ಇಲ್ಲ, ರಕ್ತವೂ ಇಲ್ಲ, ಬರೀ ಹೊಳೆಯುವ ಚೌಕ ಮತ್ತು ಗೆರೆಗಳು. 2008ರಲ್ಲಿ ಬಂದ ಅದರ ಎರಡನೇ ಭಾಗದಲ್ಲಿ ಗುಂಡೇ ಹಾರಿಸದೆ ಬರೀ ತಪ್ಪಿಸಿಕೊಂಡು ಆಡುವ ಒಂದು ಬಗೆಯೂ ಇದೆ. ಇನ್ನೊಂದು ಕಡೆ 2012ರ ಹಾಟ್‌ಲೈನ್ ಮಯಾಮಿ ಇದೆ. ಅದೂ ಮೇಲಿನಿಂದ ನೋಡುವ ಆಟವೇ, ಅದೂ ಬಲು ವೇಗ, ಆದರೆ ತೀರಾ ರಕ್ತಸಿಕ್ತ. ಅದನ್ನು ಅಳಿಯನ ಕೈಗೆ ಈಗಲೇ ಕೊಡುವುದಿಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ತಂದೆ-ತಾಯಿಗೆ ಏನು ತಿಳಿಯುತ್ತದೆ?

ವ್ಯಾಂಪೈರ್ ಸರ್ವೈವರ್ಸ್ ಎಂಬ ಆಟದಲ್ಲಿ ಆಯುಧ ತಾನೇ ಹೊಡೆಯುತ್ತದೆ, ನಾವು ಓಡಿದರೆ ಸಾಕು. ಇದು ಶೂಟಿಂಗ್ ಆಟವೇ ಅಲ್ಲ ಎಂದು ನನ್ನ ಕೆಫೆ ಕಾಲದ ಒಬ್ಬ ಗೆಳೆಯ ಜಗಳಕ್ಕೇ ಬರುತ್ತಾನೆ. ನನಗೆ ಅದರಲ್ಲಿ ಕ್ರಿಮ್ಸನ್‌ಲ್ಯಾಂಡಿನ ಅದೇ ಸುತ್ತು, ಅದೇ ಆಯ್ಕೆಯ ಚಿಂತೆ ಕಾಣುತ್ತದೆ. ಶುರುವಿನಲ್ಲಿ ಒಬ್ಬರೇ ಕೂತು ಮಾಡಿದ ಆಟ ಅದು. ದೊಡ್ಡ ದೊಡ್ಡ ಕಂಪನಿಗಳ ಆಟಗಳನ್ನು ಹಿಂದೆ ಹಾಕಿ 2023ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯಲ್ಲಿ ಅತ್ಯುತ್ತಮ ಆಟ ಎನಿಸಿತು. ನಾನು ದಿನಾ ಓದುವ ಕನ್ನಡ ಪತ್ರಿಕೆಗಳಲ್ಲಿ ಆ ಸುದ್ದಿ ಕಾಣಲಿಲ್ಲ.

ಹೊತ್ತು ಹಾಳಾಗುವ ಚಿಂತೆ ನನಗೂ ಇದೆ. ಅಕ್ಕನ ಮನೆಯಲ್ಲಿ ರಾತ್ರಿ ಒಂಬತ್ತಾದರೆ ಫೋನ್ ಅಡುಗೆ ಮನೆಯ ಚಾರ್ಜರ್‌ಗೆ ಹೋಗಬೇಕು, ಅದರಲ್ಲಿ ಮಾತಿಲ್ಲ.

ನನ್ನದು ಒಂದೇ ಕೋರಿಕೆ. ಶುಕ್ರವಾರ ಬಿಡುಗಡೆಯಾದ ಸಿನಿಮಾ ಬಗ್ಗೆ ಮರುದಿನ ಬರೆಯುತ್ತೀರಿ. ವಾರಕ್ಕೆ ಒಂದು ಆಟದ ಬಗ್ಗೆಯೂ ಬರೆಯಿರಿ. ಯಾವ ವಯಸ್ಸಿನವರಿಗೆ, ಒಂದು ರೌಂಡ್ ಎಷ್ಟು ನಿಮಿಷ, ದುಡ್ಡು ಕೊಟ್ಟರೆ ಬಲ ಸಿಗುತ್ತದೋ ಇಲ್ಲವೋ, ಸತ್ತರೆ ಯಾರ ತಪ್ಪು. ಬರೆಯುವ ಮುಂಚೆ ಆಡುವ ನಾಲ್ಕು ಜನರನ್ನು ಮಾತಾಡಿಸಿ. ಯಾರು ಸಿಗುತ್ತಾರೆ ಎಂಬ ಚಿಂತೆ ಬೇಡ. ಭಾನುವಾರ ಸಂಜೆ ನಿಮ್ಮ ವರದಿಗಾರರನ್ನು ನಮ್ಮ ಮನೆಗೆ ಕಳಿಸಿ, ಅಳಿಯ, ಅವನ ಗೆಳೆಯರು, ಆ ಹುಡುಗಿ, ನನ್ನ ಹಳೇ ಗೆಳೆಯ ಎಲ್ಲರನ್ನೂ ಕರೆಸುತ್ತೇನೆ. ಗಿರ್ಮಿಟ್ ಮತ್ತು ಚಹಾ ಸಿದ್ಧ ಇರುತ್ತದೆ. ವರದಿಗಾರರೂ ಒಂದೆರಡು ರೌಂಡ್ ಆಡಿಯೇ ಹೋಗಬೇಕು.

ಇಂತಿ,
ನಿಮ್ಮ ಓದುಗ
ವಿದ್ಯಾನಗರ, ಹುಬ್ಬಳ್ಳಿ